ಮೀನಿನ ವಯಸ್ಸು: ಹುರುಪೆಯ ಲೆಕ್ಕ, ಕಿರ್ದಿಯ ಲೆಕ್ಕ

ಮಳೆಗಾಲಕ್ಕೆ ಮೊದಲು ಮೈಲುತುತ್ತ ಒಯ್ಯಲು ಸಂಘಕ್ಕೆ ಬಂದಿದ್ದ ಸದಸ್ಯರೊಬ್ಬರು ಲೆಕ್ಕ ಮುಗಿದ ಮೇಲೂ ಎದ್ದು ಹೋಗದೆ ಕುಳಿತಿದ್ದರು. ಏನೋ ಕೇಳಬೇಕೆಂದಿದೆ, ಕೇಳಲು ಸಂಕೋಚ. ಕೊನೆಗೆ ಹೇಳಿದರು: ಮನೆಯ ಪಕ್ಕ ಎರಡು ಕೋಣೆಯ ಹೋಮ್ ಸ್ಟೇ ಮಾಡಿದ್ದಾರೆ, ಅದರ ಮುಂದೊಂದು ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದಾರೆ, ಪೇಟೆಯಿಂದ ಒಂದು ಜೊತೆ ಕೊಯಿ ಮೀನು ತಂದು ಬಿಟ್ಟಿದ್ದಾರೆ. "ಹನ್ನೆರಡು ವರ್ಷದ ಮೀನು, ಅದಕ್ಕೇ ಈ ರೇಟು ಅಂದ. ಅರ್ಧ ಕ್ವಿಂಟಲ್ ಚಾಲಿ ಮಾರಿದ ದುಡ್ಡು ಕೊಟ್ಟೆ. ಈಗ ನೋಡಿದವರೆಲ್ಲ ಎರಡು ವರ್ಷದ್ದೂ ಅಲ್ಲ ಅಂತಾರೆ. ನೀವು ಬಿ.ಎಸ್ಸಿ. ಓದಿದವರು. ಮೀನಿನ ವಯಸ್ಸು ನೋಡುವುದು ಹೇಗೆ?"

ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಡಿಕೆ ಮರದ ವಯಸ್ಸನ್ನು ಗಂಟು ಎಣಿಸಿ ಅಂದಾಜು ಮಾಡುತ್ತೇವೆ. ಮೀನಿಗೂ ಅಂಥ ಗುರುತುಗಳಿವೆ. ಆದರೆ ಅವು ಎಷ್ಟು ನಂಬಿಕೆಗೆ ಅರ್ಹ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ತಿಳಿದಿರಬೇಕು. ಕೆರೆಯಲ್ಲೋ ಕೃಷಿ ಹೊಂಡದಲ್ಲೋ ಮೀನು ಬಿಟ್ಟಿರುವ ಸದಸ್ಯರು ನಮ್ಮಲ್ಲಿ ಈಗ ಸಾಕಷ್ಟಿರುವುದರಿಂದ, ಆ ಒಬ್ಬರಿಗೆ ಹೇಳಿದ್ದನ್ನು ಎಲ್ಲರಿಗಾಗಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಕೊಯಿ ಯಾವ ಜಾತಿ?

ಮೊದಲು ಒಂದು ಗೊಂದಲ ಪರಿಹಾರವಾಗಲಿ. ಕೊಯಿ ಎಂದರೆ ಬೇರೆ ಯಾವುದೋ ಅಪರೂಪದ ಮೀನಲ್ಲ. ನಾವು ಸಾಮಾನ್ಯ ಗೆಂಡೆ ಎಂದು ಕರೆಯುವ ಮೀನಿನ ಬಣ್ಣದ ತಳಿ. ಜಪಾನಿನ ನಿಗಾಟ ಪ್ರಾಂತದ ಗುಡ್ಡಗಾಡಿನ ಬತ್ತದ ರೈತರು ಊಟಕ್ಕೆಂದು ಸಾಕುತ್ತಿದ್ದ ಗೆಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು, ಬಿಳಿ ಬಣ್ಣದವು ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನ್ನೇ ಆರಿಸಿ ಬೆಳೆಸುತ್ತ ಬಂದರು. 1914ರಲ್ಲಿ ಟೋಕಿಯೋದ ಪ್ರದರ್ಶನದಲ್ಲಿ ಇಟ್ಟ ಮೇಲೆ ಅವು ಹೊರಗಿನ ಜನರ ಕಣ್ಣಿಗೆ ಬಿದ್ದವು. ಆದ್ದರಿಂದ ಗೆಂಡೆಯ ವಯಸ್ಸಿಗೆ ಹೇಳಿದ ಮಾತೆಲ್ಲ ಕೊಯಿಗೂ ಹೊಂದುತ್ತದೆ.

ಇನ್ನೊಂದು ಸಂಗತಿ. ಸಾಮಾನ್ಯ ಗೆಂಡೆ ನಮ್ಮ ದೇಶದ ಮೂಲ ಮೀನಲ್ಲ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಜರ್ಮನ್ ತಳಿ ಬಂತು. ಬಯಲುಸೀಮೆಯ ಬೆಚ್ಚನೆಯ ನೀರಿಗೆ ಒಗ್ಗುವ ಬ್ಯಾಂಕಾಕ್ ತಳಿ ಬಂದದ್ದು 1957ರಲ್ಲಿ. ಹೀಗಿರುವಾಗ ನಮ್ಮ ಯಾವುದೋ ಕೆರೆಯಲ್ಲಿ ಮುತ್ತಜ್ಜನ ಕಾಲದ ನೂರು ವರ್ಷದ ಸಾಮಾನ್ಯ ಗೆಂಡೆ ಇದೆ ಎಂದು ಯಾರಾದರೂ ಹೇಳಿದರೆ, ಹುರುಪೆ ನೋಡದೆಯೇ ಅದು ಸುಳ್ಳೆಂದು ಹೇಳಬಹುದು. ವಯಸ್ಸಿನ ಲೆಕ್ಕದಲ್ಲಿ ಇದೂ ಒಂದು ವಿಧಾನ: ಎಷ್ಟು ಇರಲು ಸಾಧ್ಯವಿಲ್ಲ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳುವುದು.

ವ್ಯಾಪಾರಿಯ ವರ್ಷ

ಕೊಯಿ ವ್ಯಾಪಾರದಲ್ಲಿ ವಯಸ್ಸನ್ನು ಹೇಳುವುದು ಜಪಾನಿ ಮಾತಿನಲ್ಲಿ. ತೋಸಾಯಿ ಎಂದರೆ ಈ ವರ್ಷದ್ದು, ನಿಸಾಯಿ ಎಂದರೆ ಎರಡನೆಯ ವರ್ಷದ್ದು, ಸಾನ್ಸಾಯಿ ಎಂದರೆ ಮೂರನೆಯ ವರ್ಷದ್ದು. ಇದು ತುಂಬಿದ ವರ್ಷದ ಲೆಕ್ಕವಲ್ಲ, ನಡೆಯುತ್ತಿರುವ ವರ್ಷದ ಲೆಕ್ಕ. ನಮ್ಮ ಅಜ್ಜಿಯಂದಿರು "ಐದು ತುಂಬಿ ಆರರಲ್ಲಿ ನಡೀತಿದೆ" ಎನ್ನುವಾಗ ಆರು ಎಂಬ ಅಂಕಿ ಬರುವುದಿಲ್ಲವೇ, ಹಾಗೆ. ನಿಸಾಯಿ ಎಂಬ ಮೀನಿಗೆ ಒಂದೇ ವರ್ಷ ತುಂಬಿರಬಹುದು, ಎರಡು ತುಂಬುತ್ತ ಬಂದಿರಲೂಬಹುದು. ಕೊಳ್ಳುವವನು ಎರಡು ವರ್ಷ ಪೂರ್ತಿ ಎಂದು ಕೇಳಿಸಿಕೊಳ್ಳುತ್ತಾನೆ. ಮಾರುವವನು ಸುಳ್ಳು ಹೇಳಬೇಕಾಗಿಯೇ ಇಲ್ಲ.

ಇನ್ನು ಗಾತ್ರ. ಗಾತ್ರ ನೋಡಿ ವಯಸ್ಸು ಹೇಳುವುದು ಎಲ್ಲಕ್ಕಿಂತ ದೊಡ್ಡ ಮೋಸದ ದಾರಿ. ಮೀನು ಬೆಳೆಯುವುದು ತಿಂಗಳನ್ನು ನೋಡಿ ಅಲ್ಲ; ನೀರಿನ ಶಾಖ, ಆಹಾರ, ಜೊತೆಗಿರುವ ಮೀನುಗಳ ಸಂಖ್ಯೆ ಇವನ್ನು ನೋಡಿ. ಹದವಾದ ಹೊಂಡದಲ್ಲಿ, ಕಡಿಮೆ ಮರಿ ಬಿಟ್ಟು, ತವುಡು ಹಿಂಡಿ ಸರಿಯಾಗಿ ಹಾಕಿದರೆ ಗೆಂಡೆ ಒಂದು ವರ್ಷಕ್ಕೆ ಸುಮಾರು ಒಂದು ಕಿಲೋ ತೂಗೀತು. ಅದೇ ಹೊಂಡಕ್ಕೆ ಲೆಕ್ಕವಿಲ್ಲದೆ ಮರಿ ಸುರಿದರೆ ಎರಡು ವರ್ಷಕ್ಕೂ ಕಾಲು ಕಿಲೋದ ಮೇಲೆ ಏಳುವುದಿಲ್ಲ. ಚೀಲದಲ್ಲೇ ಬೇರು ಸುತ್ತಿಕೊಂಡು ಕುಳಿತ ಎರಡು ವರ್ಷದ ಅಡಿಕೆ ಸಸಿ, ಒಳ್ಳೆಯ ಪಾತಿಯ ಒಂದು ವರ್ಷದ ಸಸಿಗಿಂತ ಗಿಡ್ಡವಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಸಸಿಯಾದರೆ ಎಲೆಯ ಸಂಖ್ಯೆ, ಬುಡದ ದಪ್ಪ ನೋಡಿ ಆರಿಸುತ್ತೇವೆ. ಮೀನಿನಲ್ಲಿ ಹೊರಗಣ್ಣಿಗೆ ಅಷ್ಟೂ ಆಧಾರವಿಲ್ಲ. ಅದಲ್ಲದೆ ಗೆಂಡೆ ಮೊದಲ ಎರಡು ಮೂರು ವರ್ಷ ಭರದಿಂದ ಬೆಳೆದು ಆಮೇಲೆ ನಿಧಾನಿಸುತ್ತದೆ. ಐದು ವರ್ಷದ್ದಕ್ಕೂ ಹದಿನೈದು ವರ್ಷದ್ದಕ್ಕೂ ಉದ್ದದಲ್ಲಿ ಹೆಚ್ಚು ಅಂತರ ಕಾಣದಿರಬಹುದು.

ಹುರುಪೆಯ ಉಂಗುರಗಳು

ಮೀನಿನ ಮೈಮೇಲಿನ ಹುರುಪೆಗಳ ಸಂಖ್ಯೆ ಮರಿಯಲ್ಲಿ ಎಷ್ಟೋ ಮುಪ್ಪಿನಲ್ಲೂ ಅಷ್ಟೇ. ಮೀನು ದೊಡ್ಡದಾದಂತೆ ಪ್ರತಿ ಹುರುಪೆಯೂ ಅಂಚಿನಲ್ಲಿ ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಕೂದಲೆಳೆಯಂಥ ಗೆರೆಗಳು ಏಳುತ್ತವೆ. ಚೆನ್ನಾಗಿ ಬೆಳೆದ ಕಾಲದಲ್ಲಿ ಗೆರೆಗಳು ದೂರ ದೂರ. ಬೆಳವಣಿಗೆ ಕುಂಠಿತವಾದಾಗ ಒತ್ತೊತ್ತಾಗಿ ಬರುತ್ತವೆ. ಹೀಗೆ ಒತ್ತಾದ ಪಟ್ಟಿಯೇ ಉಂಗುರವಾಗಿ ಕಾಣುತ್ತದೆ.

1759ರಷ್ಟು ಹಿಂದೆಯೇ ಸ್ವೀಡನ್ನಿನ ಹೆಡರ್‌ಸ್ಟ್ರೋಮ್ ಎಂಬ ಪಾದ್ರಿ ಮೀನಿನ ಬೆನ್ನುಮೂಳೆಯ ಮಣಿಗಳಲ್ಲಿ ಉಂಗುರ ಎಣಿಸಿ ವಯಸ್ಸು ಹೇಳಿದ್ದ. ಹುರುಪೆಯ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿ ನಿಲ್ಲಿಸಿದವನು ಜರ್ಮನಿಯ ಹಾಫ್‌ಬೌರ್, 1898ರಲ್ಲಿ. ಅವನು ಆರಿಸಿದ ಮೀನು ಗೆಂಡೆಯೇ. ಹುಟ್ಟಿದ ವರ್ಷ ಮೊದಲೇ ಗೊತ್ತಿದ್ದ ಸಾಕಿದ ಗೆಂಡೆಗಳ ಹುರುಪೆ ತೆಗೆದು, ಚಳಿಗಾಲಕ್ಕೊಂದರಂತೆ ಉಂಗುರ ಬಿದ್ದಿದೆಯೇ ಎಂದು ತಾಳೆ ನೋಡಿದ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ವಯಸ್ಸು ಗೊತ್ತಿದ್ದ ಮೀನಿನಿಂದ ಉಂಗುರದ ಅರ್ಥ ತಿಳಿಯಿತೇ ಹೊರತು, ಉಂಗುರ ತಾನಾಗಿಯೇ ವಯಸ್ಸು ಹೇಳಲಿಲ್ಲ.

ನಮ್ಮ ನೀರಿನಲ್ಲಿ ತೊಡಕೇನು?

ಜರ್ಮನಿಯಲ್ಲೂ ನಿಗಾಟದಲ್ಲೂ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ನೀರು ತಣ್ಣಗಾಗಿ ಗೆಂಡೆ ತಿಂಗಳುಗಟ್ಟಲೆ ಏನೂ ತಿನ್ನದೆ ತಳದಲ್ಲಿ ಮಲಗುತ್ತದೆ. ವರ್ಷಕ್ಕೊಂದೇ ಗುರುತು ಬೀಳುವುದು ಅದಕ್ಕೆ. ಅಂಕೋಲೆಯಲ್ಲಿ ಅಂಥ ಚಳಿ ಎಲ್ಲಿದೆ? ನಮ್ಮ ಮೀನಿನ ಬೆಳವಣಿಗೆ ನಿಲ್ಲುವುದು ಬೇರೆ ಕಾರಣಗಳಿಂದ: ಏಪ್ರಿಲ್ ಮೇ ತಿಂಗಳಲ್ಲಿ ತೋಟಕ್ಕೆ ನೀರು ಹಾಯಿಸಿ ಕೆರೆ ಮೊಣಕಾಲುದ್ದಕ್ಕೆ ಇಳಿದಾಗ, ಆಷಾಢದ ಕೆನ್ನೀರು ನುಗ್ಗಿ ಮೇವು ಸಿಗದಾದಾಗ, ಮೊಟ್ಟೆ ಇಟ್ಟು ಸೊರಗಿದಾಗ, ರೋಗ ತಗುಲಿದಾಗ. ಒಂದು ವರ್ಷ ಎರಡು ಉಂಗುರ ಬೀಳಬಹುದು, ಇನ್ನೊಂದು ವರ್ಷ ಒಂದೂ ಬೀಳದಿರಬಹುದು.

ಹಾಗೆಂದು ನಮ್ಮ ಸೀಮೆಯಲ್ಲಿ ಉಂಗುರವೇ ಬೀಳದೆಂದಲ್ಲ. ದಾಂಡೇಲಿ ಕಡೆಯ ಸಾಗವಾನಿಯನ್ನು ಕೊಯ್ದಾಗ ವರ್ಷದ ಉಂಗುರ ಸ್ಪಷ್ಟವಾಗಿ ಕಾಣುವುದಿಲ್ಲವೇ? ಅಲ್ಲಿ ಹಿಮದ ಕೆಲಸವನ್ನು ಬೇಸಿಗೆ ಮಾಡುತ್ತದೆ. ಎಲೆ ಉದುರಿಸಿ ಮರ ಸುಮ್ಮನಾಗುತ್ತದೆ. ಮೀನಿನಲ್ಲೂ ಹಾಗೆ. ಪಶ್ಚಿಮ ಕರಾವಳಿಯ ನಂಗು ಎಂಬ ಚಪ್ಪಟೆ ಮೀನಿನ ಹುರುಪೆಗಳನ್ನು ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಅವರು 1950ರ ದಶಕದ ಮೊದಲಲ್ಲಿ ಅಭ್ಯಾಸ ಮಾಡಿ, ನೈಋತ್ಯ ಮಳೆಗಾಲದಲ್ಲಿ ಮೇವಿನ ಕೊರತೆಯಿಂದ ಉಂಗುರ ಬೀಳುತ್ತದೆಂದು ತೋರಿಸಿದರು. ತಾರ್ಲೆಯ ಕಿವಿಗಲ್ಲಿನ ಉಂಗುರಗಳ ಬಗ್ಗೆ ಆರ್. ವಿ. ನಾಯರ್ 1949ರಲ್ಲಿ ಬರೆದಿದ್ದರು.

ಕಿವಿಗಲ್ಲು ಎಂದರೆ ಮೀನಿನ ತಲೆಯೊಳಗೆ, ಒಳಗಿವಿಯಲ್ಲಿರುವ ಸುಣ್ಣದ ಚಿಕ್ಕ ಹರಳು. ಹುರುಪೆ ಉದುರಿದರೆ ಹೊಸದು ಬರುತ್ತದೆ, ಹಸಿವಿನಲ್ಲಿ ಅದರ ಅಂಚು ಸವೆಯುತ್ತದೆ. ಕಿವಿಗಲ್ಲು ಹಾಗಲ್ಲ, ಹುಟ್ಟಿನಿಂದ ಸಾವಿನವರೆಗೆ ಪದರದ ಮೇಲೆ ಪದರ ಕೂಡುತ್ತಲೇ ಹೋಗುತ್ತದೆ. ಅದರಲ್ಲಿ ದಿನಕ್ಕೊಂದು ಪದರವೂ ಇದೆಯೆಂದು 1971ರಲ್ಲಿ ಪನ್ನೆಲ್ಲ ಎಂಬ ವಿಜ್ಞಾನಿ ತೋರಿಸಿದ. ವರ್ಷದ ಗುರುತು ಮಸುಕಾಗಿರುವ ನಮ್ಮಂಥ ಬಿಸಿನಾಡಿನ ಚಿಕ್ಕ ಮೀನುಗಳಿಗೆ ಇದು ದೊಡ್ಡ ಉಪಕಾರವಾಯಿತು. ಆದರೆ ಕಿವಿಗಲ್ಲು ತೆಗೆಯಬೇಕಾದರೆ ಮೀನನ್ನು ಕೊಲ್ಲಬೇಕು. ಅರ್ಧ ಕ್ವಿಂಟಲ್ ಚಾಲಿಯ ದುಡ್ಡು ಕೊಟ್ಟು ತಂದ ಮೀನಿನ ವಯಸ್ಸು ತಿಳಿಯಲು ಅದನ್ನು ಕೊಲ್ಲುವವರು ಯಾರು?

ಹನಕೊ ಎಂಬ ಮೀನು

ಜಪಾನಿನ ಗಿಫು ಪ್ರಾಂತದ ಹಿಗಾಶಿಶಿರಕಾವ ಎಂಬ ಹಳ್ಳಿಯಲ್ಲಿ ಹನಕೊ ಎಂಬ ಕೆಂಪು ಗೆಂಡೆಯಿತ್ತು. ಅದರ ಒಡೆಯ ಡಾ. ಕೊಮೆಯಿ ಕೋಶಿಹಾರ ಅವರು 1966ರಲ್ಲಿ ರೇಡಿಯೋ ಭಾಷಣದಲ್ಲಿ ಅದಕ್ಕೆ 215 ವರ್ಷವೆಂದು ಹೇಳಿದರು. ನಗೋಯಾದ ಮಹಿಳಾ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಅದರ ಹುರುಪೆಯ ಉಂಗುರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಕೊಟ್ಟ ಅಂಕಿ ಅದು. 1977ರ ಜುಲೈಯಲ್ಲಿ ಮೀನು ಸತ್ತಾಗ 226 ವರ್ಷದ್ದೆಂದು ಲೋಕವೆಲ್ಲ ಸುದ್ದಿಯಾಯಿತು. ಇಂದಿಗೂ ಕೊಯಿ ಮಾರುವವರು ಈ ಕಥೆಯನ್ನು ಬಿಟ್ಟಿಲ್ಲ.

ಮೀನು ಹಳೆಯದಾಗಿತ್ತು ಎನ್ನುವುದರಲ್ಲಿ ಸಂಶಯ ಬೇಡ. ಆದರೆ ಸಾಮಾನ್ಯವಾಗಿ ಚೆನ್ನಾಗಿ ಸಾಕಿದ ಕೊಯಿ ಬದುಕುವುದು ಇಪ್ಪತ್ತೈದು ಮೂವತ್ತು ವರ್ಷ, ಕೆಲವು ಅದಕ್ಕೂ ಹೆಚ್ಚು. ಇನ್ನೂರನ್ನು ದಾಟಿದ್ದಕ್ಕೆ ಹುರುಪೆ ಬಿಟ್ಟು ಬೇರೆ ಸಾಕ್ಷಿ ಇರಲಿಲ್ಲ. ಮುದಿ ಮೀನಿನ ಹುರುಪೆಯ ಅಂಚಿನಲ್ಲಿ ಉಂಗುರಗಳು ಒಂದರ ಮೇಲೊಂದು ಕೂಡಿ ಹೋಗುತ್ತವೆ, ನಡುವೆ ಸುಳ್ಳು ಉಂಗುರಗಳೂ ಸೇರಿರುತ್ತವೆ. ಹಾಫ್‌ಬೌರ್ ಮಾಡಿದಂತೆ ಹುಟ್ಟಿದ ವರ್ಷದೊಂದಿಗೆ ತಾಳೆ ನೋಡುವ ಉಪಾಯ ಅಲ್ಲಿರಲಿಲ್ಲ. ಹೀಗಾಗಿ ಮೀನು ತಜ್ಞರು ಬಹಳ ಮಂದಿ ಆ ಅಂಕಿಯನ್ನು ಒಪ್ಪುವುದಿಲ್ಲ.

ತಾಳೆ ನೋಡಿ ಹೇಳಿದ್ದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಬಿಗ್‌ಮೌತ್ ಬಫೆಲೊ ಎಂಬ ಸಿಹಿನೀರಿನ ಮೀನಿದೆ. ಅದರ ಆಯುಷ್ಯ ಇಪ್ಪತ್ತಾರು ವರ್ಷವೆಂದು ಎಣಿಸಿದ್ದರು. 2019ರಲ್ಲಿ ಕಿವಿಗಲ್ಲು ಕೊಯ್ದು ನೋಡಿದಾಗ ಒಂದು ಮೀನಿಗೆ 112 ವರ್ಷವೆಂದು ಬಂತು. 1950 ಮತ್ತು 60ರ ದಶಕದ ಅಣುಬಾಂಬು ಪರೀಕ್ಷೆಗಳಿಂದ ಗಾಳಿ ನೀರಿಗೆ ಸೇರಿದ ವಿಶೇಷ ಇಂಗಾಲ ಕಿವಿಗಲ್ಲಿನ ಯಾವ ಪದರದಲ್ಲಿದೆ ಎಂದು ನೋಡಿ, ಉಂಗುರದ ಲೆಕ್ಕ ಸರಿಯೆಂದು ಖಾತ್ರಿ ಮಾಡಿಕೊಂಡರು. ಒಂದು ಮೀನಿಗೆ ವಯಸ್ಸು ಹೆಚ್ಚು ಹೇಳಿದ್ದರು, ಇನ್ನೊಂದಕ್ಕೆ ಕಡಿಮೆ. ತಪ್ಪು ಎರಡೂ ಕಡೆಗೆ ಆಗುತ್ತದೆ.

ನಮ್ಮ ಮನೆಯ ಮುದುಕಿ

ನಮ್ಮ ಮನೆಯಲ್ಲಿ ಮೀನು ತಿನ್ನುವ ಪದ್ಧತಿಯಿಲ್ಲ. ಆದರೂ ತೋಟದ ಕೆರೆಯಲ್ಲಿ ಗೆಂಡೆಗಳಿದ್ದವು. ಸೊಳ್ಳೆಯ ಹುಳ ತಿನ್ನಲಿ ಎಂದು ಅಪ್ಪ ಬಿಟ್ಟದ್ದು. ಹಿಡಿಯುವವರಿಲ್ಲದ ಕೆರೆಯಲ್ಲಿ ಮೀನಿಗೆ ಮುಪ್ಪು ಬರುತ್ತದೆ. ಅದರಲ್ಲೊಂದು ದೊಡ್ಡ ಮೀನಿಗೆ ಮಕ್ಕಳು ಮುದುಕಿ ಎಂದು ಹೆಸರಿಟ್ಟಿದ್ದರು. ಅನ್ನದ ಅಗುಳು ಹಾಕಿದರೆ ಮೆಟ್ಟಿಲಿಗೇ ಬರುತ್ತಿತ್ತು. ಬಂದ ನೆಂಟರಿಗೆಲ್ಲ ನಲವತ್ತು ವರ್ಷದ ಮೀನು ಎಂದು ತೋರಿಸುತ್ತಿದ್ದೆವು. ನಾನೂ ಹಾಗೆಯೇ ಹೇಳುತ್ತಿದ್ದೆ.

2017ರ ಬೇಸಿಗೆಯಲ್ಲಿ ನೀರು ಇಳಿದಾಗ ಅದು ಕಲ್ಲಿಗೆ ಮೈ ಉಜ್ಜಿ, ಒಂದು ಹುರುಪೆ ಮೆಟ್ಟಿಲ ಮೇಲೆ ಬಿದ್ದಿತ್ತು. ತೊಳೆದು ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಲೆನ್ಸಿನಲ್ಲಿ ನೋಡಿದೆ. ನಡುಭಾಗದಲ್ಲಿ ಗೆರೆಯೇ ಇಲ್ಲ, ಬರೀ ಬಯಲು. ಹಳೆಯ ಹುರುಪೆ ಯಾವಾಗಲೋ ಉದುರಿ, ಇದು ಆಮೇಲೆ ಬಂದದ್ದು ಎಂಬುದರ ಗುರುತು ಅದು. ಬಯಲಿನ ಹೊರಗೆ ಎಂಟು ಉಂಗುರ ಎಣಿಸಿದೆ. ಎಂಟೂ ವರ್ಷದವೋ ಅಲ್ಲವೋ ಹೇಳಲು ಬರುವುದಿಲ್ಲ.

ಅಪ್ಪನ ಕಿರ್ದಿ ಪುಸ್ತಕಗಳನ್ನು ತೆಗೆದೆ. ಕೆರೆ ತೋಡಿಸಿದ್ದೇ 1995ರ ಬೇಸಿಗೆಯಲ್ಲಿ. ಕೂಲಿಯ ಲೆಕ್ಕ ದಿನವಾರು ಇತ್ತು. 1996ರ ಮಳೆಗಾಲದ ಪುಟದಲ್ಲಿ, ಗೊಬ್ಬರದ ಲೆಕ್ಕಕ್ಕೂ ಸೊಸೈಟಿಯ ಕಂತಿಗೂ ನಡುವೆ, "ಗೆಂಡೆ ಮರಿ 100" ಎಂದು ಒಂದು ಸಾಲು. ಅಲ್ಲಿಗೆ ನಲವತ್ತು ಹೋಯಿತು. ಇಪ್ಪತ್ತೊಂದಕ್ಕಿಂತ ಹೆಚ್ಚಲ್ಲ ಎಂದಾಯಿತು. ಆ ನೂರರಲ್ಲಿ ಒಂದೇ ಎಂದು ಹೇಳಲೂ ಆಗುವುದಿಲ್ಲ, ಏಕೆಂದರೆ ಕಾಟ್ಲ, ರೋಹುಗಳಂತೆ ಗೆಂಡೆಗೆ ಮರಿ ಮಾಡಲು ಹರಿಯುವ ನೀರು ಬೇಕಿಲ್ಲ. ನಿಂತ ನೀರಿನಲ್ಲಿ ಜೊಂಡು, ಬೇರುಗಳಿಗೆ ಮೊಟ್ಟೆ ಅಂಟಿಸುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಆರು ತಿಂಗಳಿಗೇ ಬೆಳೆದು ಮೊಟ್ಟೆ ಹಿಡಿಯುವುದೂ ಉಂಟು. ಒಮ್ಮೆ ಬಿಟ್ಟ ಕೆರೆಯಲ್ಲಿ ಕೆಲವೇ ವರ್ಷಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಎಲ್ಲ ಒಟ್ಟಿಗೆ ಇರುತ್ತಾರೆ. ಗೆಂಡೆಯ ಹೊಂಡದಲ್ಲಿ ಮೀನು ತುಂಬಿಯೂ ದಪ್ಪವಾಗುವುದಿಲ್ಲ ಎಂದು ಅನೇಕ ಸದಸ್ಯರು ದೂರುವುದಕ್ಕೆ ಕಾರಣವೂ ಇದೇ. ಅವರು ಎರಡು ವರ್ಷದ ಮೀನು ಬೆಳೆದಿಲ್ಲವೆಂದು ತಿಳಿದಿರುತ್ತಾರೆ. ಬಲೆಗೆ ಬಂದದ್ದು ಅಲ್ಲೇ ಹುಟ್ಟಿದ ಐದು ತಿಂಗಳ ಮರಿಯಾಗಿರುತ್ತದೆ.

2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದಾಗ ಹಳ್ಳದ ನೀರು ಹಿಂದೆ ಒತ್ತಿ ತೋಟವೂ ಕೆರೆಯೂ ಒಂದಾದವು. ನೀರು ಇಳಿದ ಮೇಲೆ ಕೆರೆಯಲ್ಲಿ ಒಂದು ಮೀನೂ ಇರಲಿಲ್ಲ. ನಷ್ಟದ ವಿವರ ಬರೆದುಕೊಡುವಾಗ ಅಡಿಕೆ ಮರ ಎಷ್ಟು, ಎಷ್ಟು ವರ್ಷದ್ದು ಎಂಬುದನ್ನೆಲ್ಲ ತುಂಬಿದೆ. ಮೀನಿನ ಸಾಲಿಗೆ ಬಂದಾಗ ಎಷ್ಟಿದ್ದವು, ಎಂದು ಬಿಟ್ಟದ್ದು, ಎಷ್ಟು ತಿಂಗಳದ್ದು ಎಂಬ ಮೂರಕ್ಕೂ ಉತ್ತರವಿರಲಿಲ್ಲ. 1996ರದ್ದನ್ನು ಅಪ್ಪ ಬರೆದಿಟ್ಟಿದ್ದರು. ಆಮೇಲೆ ನಾನು ಎರಡು ಸಲ ಮರಿ ತಂದು ಬಿಟ್ಟಿದ್ದೆ, ಬರೆದಿರಲಿಲ್ಲ. ಸೊಸೈಟಿಯ ಒಂದೊಂದು ರೂಪಾಯಿಗೆ ವೋಚರು ಕೇಳುವ ಕಾರ್ಯದರ್ಶಿಯ ಮನೆಯ ಲೆಕ್ಕ ಇದು. ಆ ಸಾಲನ್ನು ಖಾಲಿ ಬಿಟ್ಟು ಸಹಿ ಹಾಕಿದೆ.

ಸದಸ್ಯರು ಮಾಡಬಹುದಾದದ್ದು

1. ಮರಿ ಬಿಟ್ಟ ದಿನವೇ ಬರೆಯಿರಿ: ತಾರೀಖು, ಎಲ್ಲಿಂದ ತಂದದ್ದು, ಯಾವ ಜಾತಿ, ಎಷ್ಟು, ಮರಿಯ ಉದ್ದ ಎಷ್ಟು ಅಂಗುಲ, ಮಾರಿದವರು ಹೇಳಿದ ವಯಸ್ಸು. ರಸೀದಿಯನ್ನು ಅದೇ ಪುಟಕ್ಕೆ ಅಂಟಿಸಿರಿ.

2. ಮೂರು ತಿಂಗಳಿಗೊಮ್ಮೆ ಬಲೆ ಬೀಸಿ ನಲವತ್ತು ಐವತ್ತು ಮೀನಿನ ಉದ್ದ ಅಳೆದು, ಅಂಗುಲಕ್ಕೊಂದು ಸಾಲಿನಂತೆ ಗೀಟು ಹಾಕಿರಿ. ಗೀಟುಗಳು ಒಂದೇ ಕಡೆ ಗುಂಪಾದರೆ ಒಂದೇ ಪೀಳಿಗೆ. ಎರಡು ಮೂರು ಗುಂಪಾದರೆ ಕೆರೆಯಲ್ಲೇ ಮರಿಯಾಗಿದೆ ಎಂದರ್ಥ. ಡೆನ್ಮಾರ್ಕಿನ ಪೀಟರ್‌ಸನ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಕ್ರಮ ಇದು. ಕರಾವಳಿಯ ಬಂದರುಗಳಲ್ಲಿ ಬಂಗಡೆ, ತಾರ್ಲೆಗಳನ್ನು ಹಲಗೆಯ ಮೇಲಿಟ್ಟು ಅಳೆದು ಬರೆದುಕೊಳ್ಳುವ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಮಾಡುವುದೂ ಮೂಲತಃ ಇದನ್ನೇ. ಮೀನನ್ನು ಕೊಲ್ಲಬೇಕಿಲ್ಲ, ಖರ್ಚೂ ಇಲ್ಲ.

3. ಹುರುಪೆ ನೋಡಲೇಬೇಕೆಂದಿದ್ದರೆ ಕೈ ಒದ್ದೆ ಮಾಡಿಕೊಂಡು, ಬೆನ್ನಿನ ಈಜುರೆಕ್ಕೆಗೂ ಪಕ್ಕದ ಗೆರೆಗೂ ನಡುವಿನಿಂದ ಒಂದೆರಡನ್ನು ಮೊಂಡು ಚಿಮಟದಲ್ಲಿ ತೆಗೆಯಿರಿ. ನಡುವೆ ಬಯಲಾಗಿರುವ ಹುರುಪೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಂದ ಅಂಕಿಯನ್ನು ಅಂದಾಜು ಎಂದೇ ತಿಳಿಯಿರಿ.

4. ಕೊಯಿ ಕೊಳ್ಳುವಾಗ ವಯಸ್ಸಿಗೆ ದುಡ್ಡು ಕೊಡಬೇಡಿ. ಮೈಬಣ್ಣ, ಆಕಾರ, ಚುರುಕು ನೋಡಿ ಕೊಡಿ. ವಯಸ್ಸಿಗೇ ಬೆಲೆ ಕೇಳಿದರೆ ಮರಿಯಾದ ವರ್ಷದ ಲಿಖಿತ ದಾಖಲೆ ಕೇಳಿರಿ.

5. ಮಳೆಗಾಲಕ್ಕೆ ಮೊದಲು ಕೋಡಿಗೆ ಬಲೆ ಕಟ್ಟಿರಿ. ನಮ್ಮ ನಷ್ಟ ಒಂದು ಕಡೆ ಇರಲಿ, ಹೊರಗಿನಿಂದ ಬಂದ ಗೆಂಡೆ ಹೊಳೆಗೆ ಸೇರಿದರೆ ಅಲ್ಲಿನ ಮೂಲ ಮೀನುಗಳಿಗೆ ಕಂಟಕ.

ಅಡಿಕೆ ಮರಕ್ಕೆ ವರ್ಷಕ್ಕೆ ಸುಮಾರು ಏಳು ಹಾಳೆ ಬೀಳುತ್ತದೆ, ಹಾಳೆಗೊಂದು ಗಂಟು. 140 ಗಂಟಿದ್ದರೆ ಇಪ್ಪತ್ತು ವರ್ಷ, ಕಾಂಡ ಏಳುವ ಮೊದಲಿನ ವರ್ಷಗಳು ಬೇರೆ. ಇದೂ ಅಂದಾಜೇ, ಬರಗಾಲದ ವರ್ಷ ಕಡಿಮೆ, ಮುದಿಮರಕ್ಕೆ ಇನ್ನೂ ಕಡಿಮೆ. ಆದರೂ ನಮಗೆ ತೊಂದರೆಯಾಗಿಲ್ಲ, ಏಕೆಂದರೆ ಸಸಿ ನೆಟ್ಟ ವರ್ಷ ಪ್ರತಿ ಮನೆಯಲ್ಲೂ ಯಾರಿಗಾದರೂ ನೆನಪಿರುತ್ತದೆ. ಮೀನಿಗೆ ಅಷ್ಟು ನೆನಪಿನ ಗೌರವವನ್ನು ನಾವು ಇನ್ನೂ ಕೊಟ್ಟಿಲ್ಲ.

ಪ್ರಶ್ನೆ ಕೇಳಿದ ಸದಸ್ಯರ ಮನೆಗೆ ಮೊನ್ನೆ ಹೋಗಿದ್ದೆ. ಎರಡೂ ಮೀನುಗಳು ಲವಲವಿಕೆಯಿಂದಿವೆ, ಒಂದರ ನೆತ್ತಿಯ ಮೇಲೆ ಕುಂಕುಮದಂಥ ಬೊಟ್ಟು. ಹುರುಪೆ ತೆಗೆಯೋಣವೇ ಎಂದು ಕೇಳಿದೆ. ಬೇಡ ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಮೀನು ತಂದ ತಾರೀಖಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಎರಡರ ಉದ್ದವನ್ನೂ ಬರೆದಿದ್ದರು. ಹಿಂದಿನದು ಗೊತ್ತಾಗದಿದ್ದರೂ ಇನ್ನು ಮುಂದಿನದು ಅವರಿಗೆ ತಿಳಿದಿರುತ್ತದೆ.

ಮೀನು ಬಿಟ್ಟಿರುವ ಸದಸ್ಯರಿಗಾಗಿ ಮೇಲಿನ ವಿವರಗಳ ಒಂದು ಪುಟದ ನಮೂನೆಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಬಂದಾಗ ಕೇಳಿ ಒಯ್ಯಿರಿ. ಮೊದಲ ಪ್ರತಿಯನ್ನು ತುಂಬಿದವನು ನಾನೇ.

— ಕಾರ್ಯದರ್ಶಿ